ಹೋಟೆಲ್ ಕಸ, ಬೀದಿಯ ತರಗೆಲೆ: ಬಡಾವಣೆಯವರೂ ಅಂಗಡಿಯವರೂ ಸೇರಿ ಹವಾಮಾನದ ಕೆಲಸ ಶುರು ಮಾಡುವುದು ಹೇಗೆ

ಹವಾಮಾನ ಬದಲಾವಣೆ ಬಗ್ಗೆ ಮಾತಾಡೋಣ ಬನ್ನಿ ಅಂತ ಪಾರ್ಕಿನಲ್ಲಿ ಸಭೆ ಕರೆದರೆ ಯಾರು ಬರುತ್ತಾರೆ? ವಾಕಿಂಗ್ ಮುಗಿಸಿದ ಹಿರಿಯರು ನಾಲ್ಕು ಜನ, ಒಬ್ಬಿಬ್ಬರು ಕಾಲೇಜು ಹುಡುಗರು. ಅಂಗಡಿಯವರು ಬರಲ್ಲ. ಬೆಳಿಗ್ಗೆ 8 ಗಂಟೆಗೆ ಅವರ ಗಲ್ಲಾದ ಮುಂದೆ ಜನ ನಿಂತಿರುತ್ತಾರೆ, ಬರೋದಾದರೂ ಹೇಗೆ? ಹಾಗಾಗಿ ಸಭೆ ಬೇಡ. ನೀವೇ ಅವರ ಹತ್ತಿರ ಹೋಗಿ.

ಬೆಂಗಳೂರಿನ ಬಡಾವಣೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮೈಸೂರಿಗೂ ಹುಬ್ಬಳ್ಳಿಗೂ ಹೆಚ್ಚುಕಮ್ಮಿ ಹೊಂದುತ್ತದೆ. ನಾನು ಹೇಳೋದು ಇಷ್ಟೇ: ಅಂಗಡಿಯವರಿಗೆ ಯಾವುದು ಜಾಸ್ತಿಯಾಗಿ ತಲೆನೋವಾಗಿದೆ, ಬೀದಿಯವರಿಗೆ ಯಾವುದು ಜಾಸ್ತಿಯಾಗಿದೆ ಅಂತ ನೋಡಿ, ಎರಡನ್ನೂ ಜೋಡಿಸಿ. ಭೂಮಿ ಉಳಿಸಿ ಅಂತ ಸುಮ್ನೆ ಕೇಳಿದರೆ ಒಂದು ಬ್ಯಾನರ್ ಹಾಕಿಸಿಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಮೊದಲು ಯಾರ ಹತ್ತಿರ ಹೋಗಬೇಕು

ಮಾಲೀಕರೇ ಗಲ್ಲಾದಲ್ಲಿ ಕೂರುವ ಅಂಗಡಿಗೆ ಹೋಗಿ. ದೊಡ್ಡ ಕಂಪನಿಯ ಶಾಖೆಗೆ ಹೋದರೆ ಅಲ್ಲಿನ ಮ್ಯಾನೇಜರ್ ಪಾಪ ಒಳ್ಳೆಯವರೇ ಇರಬಹುದು, ಆದರೆ ಒಂದು ಡಬ್ಬ ಜರುಗಿಸಲೂ ಅವರು ಹೆಡ್ ಆಫೀಸಿನ ಇಮೇಲ್‌ಗೆ ಕಾಯಬೇಕು. ಬೀದಿಯ ದರ್ಶಿನಿ, ಬೇಕರಿ, ದಿನಸಿ ಅಂಗಡಿ, ಜ್ಯೂಸ್ ಅಂಗಡಿ, ಶಾಮಿಯಾನದವರು, ಎಸಿ ರಿಪೇರಿಯವರು, ಇವರೇ ನಿಮ್ಮ ಜನ.

ಹೊತ್ತು ನೋಡಿ ಹೋಗಿ. ಹೋಟೆಲ್ ಆದರೆ ಮಧ್ಯಾಹ್ನ ಮೂರೂವರೆಯ ಸುಮಾರಿಗೆ, ಊಟ ಮುಗಿದು ಸಂಜೆ ತಿಂಡಿ ಶುರುವಾಗುವ ಮೊದಲು. ಒಂದು ಕಾಫಿ ಕುಡಿಯಿರಿ, ಆಮೇಲೆ ಕೇಳಿ: ದಿನಕ್ಕೆ ಕಸ ಎಷ್ಟಾಗುತ್ತೆ, ಯಾರು ಒಯ್ಯುತ್ತಾರೆ, ತಿಂಗಳಿಗೆ ಎಷ್ಟು ಕೊಡುತ್ತೀರಿ, ಕರೆಂಟ್ ಬಿಲ್ ಎಷ್ಟು, ಸಿಲಿಂಡರ್ ಎಷ್ಟು. ಬಿಲ್ಲಿನ ಬಗ್ಗೆ ಬೇಸರ ಹೇಳಿಕೊಳ್ಳದ ವ್ಯಾಪಾರಿಯನ್ನು ನಾನಂತೂ ನೋಡಿಲ್ಲ. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಕಸಕ್ಕೂ ಶುಲ್ಕ ಬಂದಿದೆ, ಕಸ ಹೆಚ್ಚಿದಷ್ಟೂ ಅಂಗಡಿಯವರು ಕಟ್ಟುವುದೂ ಹೆಚ್ಚು. ಮಾತು ಶುರು ಮಾಡಲು ಇಷ್ಟು ಸಾಕು. ಹವಾಮಾನದ ಹೆಸರು ಎರಡನೇ ಕಾಫಿಗೆ ಇಟ್ಟುಕೊಳ್ಳಿ.

ಮಾಲೀಕರು ಹೂಂ ಅಂದ ತಕ್ಷಣ ಕೆಲಸ ಆಯಿತು ಅಂದುಕೊಳ್ಳಬೇಡಿ. ಅಡುಗೆಮನೆಯ ಹಿಂದೆ ತರಕಾರಿ ಹೆಚ್ಚುವವರು, ತಟ್ಟೆ ತೊಳೆಯುವ ಹುಡುಗರು ಇರುತ್ತಾರಲ್ಲ, ಕಸ ಬೇರೆ ಮಾಡುವವರು ಅವರು. ಅವರನ್ನು ಕೇಳದೆ ತಂದಿಟ್ಟ ಹಸಿರು ಡಬ್ಬದಲ್ಲಿ ಮಾರನೇ ದಿನವೇ ಹಾಲಿನ ಪ್ಯಾಕೆಟ್ ಇರುತ್ತದೆ.

ಹಸಿ ಕಸಕ್ಕೆ ತರಗೆಲೆ

ಶುರು ಮಾಡಲು ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ. ಹೋಟೆಲಿನಲ್ಲಿ ಹಸಿ ಕಸ ರಾಶಿ ಬೀಳುತ್ತದೆ. ಬೀದಿಯಲ್ಲಿ ಜನವರಿ, ಫೆಬ್ರವರಿ ಬಂತೆಂದರೆ ತರಗೆಲೆ ರಾಶಿ ಬೀಳುತ್ತದೆ. ಹಸಿ ಕಸವನ್ನೇ ಬರೀ ಗುಡ್ಡೆ ಹಾಕಿದರೆ ಕೊಳೆತು ನಾರುತ್ತದೆ, ಬರೀ ಎಲೆ ಹಾಕಿದರೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಎರಡೂ ಸೇರಿದರೆ ಗೊಬ್ಬರ.

ಹವಾಮಾನಕ್ಕೂ ಇದಕ್ಕೂ ಏನು ಸಂಬಂಧ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಹಸಿ ಕಸ ಲಾರಿಯಲ್ಲಿ ಹೋಗಿ ಊರಾಚೆಯ ಗುಡ್ಡೆಯ ಅಡಿಯಲ್ಲಿ ಸೇರಿದರೆ ಅದಕ್ಕೆ ಗಾಳಿ ಸಿಗಲ್ಲ, ಮೀಥೇನ್ ಅನ್ನುವ ಅನಿಲ ಹೊರಡುತ್ತದೆ. 20 ವರ್ಷದ ಲೆಕ್ಕ ಹಿಡಿದರೆ ಮೀಥೇನ್ ಅದೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ. ಗಾಳಿ ಆಡುವ ಗೊಬ್ಬರದ ಗೂಡಿನಲ್ಲಿ ಕೊಳೆತರೆ ಮೀಥೇನ್ ತೀರಾ ಕಡಿಮೆ. ಇನ್ನು ಆ ಗುಡ್ಡೆ ಯಾರ ಮನೆ ಮುಂದೆ ಬೆಳೆಯಿತು ಅನ್ನೋದನ್ನು ಮಾವಳ್ಳಿಪುರದವರನ್ನೂ ಮಂಡೂರಿನವರನ್ನೂ ಕೇಳಬೇಕು. 2012ರಲ್ಲಿ ಬೆಂಗಳೂರಿನ ಬೀದಿಬೀದಿಯಲ್ಲಿ ಕಸ ನಿಂತಿದ್ದು ಆ ಊರುಗಳವರು ಇನ್ನು ಸಾಕು ಅಂದಿದ್ದಕ್ಕೇ.

ಈಗ ಕೆಲಸಕ್ಕೆ ಬರೋಣ. ಒಂದು ವಾರ ಬರೀ ತೂಕ ಮಾಡಿ. ಗುಜರಿಯವರ ಹತ್ತಿರ ಇರುವ ಕೊಕ್ಕೆ ತಕ್ಕಡಿ ಸಾಕು. ಹೋಟೆಲ್ ಕಸದಲ್ಲಿ ಎರಡು ಜಾತಿ ಇದೆ. ಅಡುಗೆಗೆ ಮುಂಚಿನದು: ತರಕಾರಿ ಸಿಪ್ಪೆ, ಕೊತ್ತಂಬರಿ ದಂಟು, ಕಾಫಿ ಚರಟ, ಟೀ ಸೊಪ್ಪು. ಊಟದ ನಂತರದ್ದು: ಸಾಂಬಾರಿನಲ್ಲಿ ನೆಂದ ಇಡ್ಲಿ, ಅರ್ಧ ದೋಸೆ, ಎಣ್ಣೆ ಹತ್ತಿದ ಪಲ್ಯ. ಮೊದಲ ಮೂರು ತಿಂಗಳು ಮೊದಲನೆಯದನ್ನು ಮಾತ್ರ ತೆಗೆದುಕೊಳ್ಳಿ. ಎರಡನೆಯದರಲ್ಲಿ ಉಪ್ಪು, ಎಣ್ಣೆ, ನೀರು ಜಾಸ್ತಿ, ಇಲಿ ಬರುತ್ತದೆ, ವಾಸನೆ ಬರುತ್ತದೆ, ಎದುರು ಮನೆಯವರು ಫೋನ್ ಮಾಡುತ್ತಾರೆ, ಅಲ್ಲಿಗೆ ಯೋಜನೆ ಮುಗಿಯಿತು. ಕೋಳಿ ಅಂಗಡಿ ಕಸವನ್ನಂತೂ ಮುಟ್ಟಲೇಬೇಡಿ. ಅದಕ್ಕೆ ಬೇರೆ ವ್ಯವಸ್ಥೆ ಇರುತ್ತದೆ. ಎಳನೀರು ಬುರುಡೆಯೂ ಬೇಡ, ಅದನ್ನು ಪುಡಿ ಮಾಡುವ ಮಷಿನ್ ಇಲ್ಲದೆ ಅದು ಕರಗಲ್ಲ.

ಜಾಗ ಬೇಕಲ್ಲ? ಪಾರ್ಕಿನ ಮೂಲೆ ಸಿಕ್ಕರೆ ಅನುಕೂಲ, ಆದರೆ ಪಾಲಿಕೆಯ ತೋಟಗಾರಿಕೆ ವಿಭಾಗದಿಂದ ಅನುಮತಿ ಕಾಗದದಲ್ಲೇ ತೆಗೆದುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿ ವರ್ಗ ಆಗುವವರೆಗೆ ಮಾತ್ರ. ಕಬ್ಬಿಣದ ಜಾಲರಿಯನ್ನು ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರ ದುಂಡಗೆ ಸುತ್ತಿದರೆ ಒಂದು ಗೂಡು. ದಿನಕ್ಕೆ 10 ಕೆಜಿ ಹಸಿ ಕಸ ಅಂದರೆ ಇಂಥ ನಾಲ್ಕು ಗೂಡು ಇರಲಿ. ಒಂದು ತುಂಬುತ್ತಿರುವಾಗ ಉಳಿದವು ಮಾಗುತ್ತಿರುತ್ತವೆ.

ಕೆಳಗೆ ಒಂದು ಅಡಿ ತರಗೆಲೆ. ಮೇಲೆ ಒಂದು ಬಕೆಟ್ ಹಸಿ ಕಸ. ಅದರ ಮೇಲೆ ಎರಡು ಮೂರು ಬಕೆಟ್ ತರಗೆಲೆ. ಮೊದಲ ದಿನ ಒಂದಿಷ್ಟು ಹಳೇ ಗೊಬ್ಬರ, ಇಲ್ಲಾಂದರೆ ಹುಳಿ ಮಜ್ಜಿಗೆ ಚಿಮುಕಿಸಿ. ಯಾವತ್ತೂ ಮೇಲಿನ ಪದರ ಎಲೆಯೇ ಆಗಿರಬೇಕು, ಹಸಿ ಕಸ ಕಣ್ಣಿಗೆ ಕಾಣಬಾರದು, ಕಂಡರೆ ನೊಣಕ್ಕೂ ಕಾಣುತ್ತದೆ. ವಾರಕ್ಕೊಮ್ಮೆ ಕೆದಕಿ. ಒಂದು ಹಿಡಿ ತೆಗೆದು ಹಿಂಡಿ ನೋಡಿ: ಒಂದೆರಡು ಹನಿ ಜಿನುಗಿದರೆ ಸರಿ, ಧಾರೆ ಇಳಿದರೆ ಎಲೆ ಹಾಕಿ, ಪುಡಿಪುಡಿ ಉದುರಿದರೆ ನೀರು ಹಾಕಿ. ವಾಸನೆ ಬಂತೆಂದರೆ ಹತ್ತರಲ್ಲಿ ಒಂಬತ್ತು ಸಲ ಎಲೆ ಸಾಲದು ಅಂತಲೇ ಅರ್ಥ. ಎರಡು ಮೂರು ತಿಂಗಳಲ್ಲಿ ಮಣ್ಣಿನ ವಾಸನೆ ಬರುತ್ತದೆ, ಆಗ ಜರಡಿ ಹಿಡಿಯಿರಿ. ಕೈಯಾರೆ ನೋಡಿ ಕಲಿಯಬೇಕು ಅಂದರೆ ಎಚ್‌ಎಸ್‌ಆರ್ ಲೇಔಟಿನ ಸ್ವಚ್ಛ ಗೃಹ ಕಲಿಕಾ ಕೇಂದ್ರಕ್ಕೆ ಹೋಗಿ ಬನ್ನಿ, ಬೇರೆ ಬೇರೆ ಬಗೆಯ ಕಾಂಪೋಸ್ಟ್ ವಿಧಾನಗಳನ್ನು ಅಲ್ಲಿ ಇಟ್ಟಿದ್ದಾರೆ.

ಪೌರಕಾರ್ಮಿಕರ ಜೊತೆ ಮಾತಾಡದೆ ಇದ್ಯಾವುದೂ ನಡೆಯಲ್ಲ. ಎಲೆಗೆ ಬೆಂಕಿ ಹಚ್ಚುತ್ತಾರೆ ಅಂತ ಅವರನ್ನು ಬೈಯುವುದು ಸುಲಭ. ಗುಡಿಸಿದ್ದನ್ನು ಆಟೋದವರು ತೆಗೆದುಕೊಳ್ಳದಿದ್ದರೆ ಅವರು ಎಲ್ಲಿಗೆ ಹಾಕಬೇಕು? ಗೂಡಿನ ಜಾಗ ತೋರಿಸಿ, ಗೋಣಿಚೀಲ ಕೊಡಿ. ಅವರ ನಡಿಗೆಯ ದೂರ ಕಡಿಮೆಯಾದರೆ ಎಲೆ ತಾನಾಗಿ ಬಂದು ಬೀಳುತ್ತದೆ. ಮೇ ತಿಂಗಳಿಗೆ ಎಲೆ ಖಾಲಿಯಾಗುತ್ತದೆ, ಆದ್ದರಿಂದ ಸುಗ್ಗಿಯಲ್ಲೇ ಚೀಲ ತುಂಬಿ ಮಳೆ ಬೀಳದ ಕಡೆ ಇಟ್ಟಿರಿ.

ಗೊಬ್ಬರ ಮಾರಿ ದುಡ್ಡು ಮಾಡೋಣ ಅಂತ ಯಾರಿಗೂ ಆಸೆ ಹುಟ್ಟಿಸಬೇಡಿ. ಹೋಟೆಲಿನವರಿಗೆ ಎರಡು ಚೀಲ, ಕೆಲಸ ಮಾಡಿದವರಿಗೆ ಒಂದೊಂದು, ಉಳಿದದ್ದು ಬೀದಿಯ ಗಿಡಗಳಿಗೆ. ಸಾಕು.

ಹೋಟೆಲ್ ದೊಡ್ಡದಾಗಿದ್ದು ದಿನಕ್ಕೆ 100 ಕೆಜಿ ಮೀರಿದರೆ ಬೇರೆ ಲೆಕ್ಕ. ಕಾನೂನಿನ ಕಣ್ಣಲ್ಲಿ ಅವರು ದೊಡ್ಡ ಪ್ರಮಾಣದ ಕಸ ಉತ್ಪಾದಕರು. ಅಲ್ಲಿ ಬಯೋಗ್ಯಾಸ್ ಘಟಕದ ಮಾತು ಎತ್ತಬಹುದು, ತಟ್ಟೆಯ ಎಂಜಲೂ ಅದಕ್ಕೆ ಆಗುತ್ತದೆ. 100 ಕೆಜಿ ಊಟದ ಕಸದಿಂದ ಅಂದಾಜು 4ರಿಂದ 5 ಕೆಜಿ ಎಲ್‌ಪಿಜಿಗೆ ಸಮನಾದ ಗ್ಯಾಸ್ ಸಿಗುತ್ತದೆ. ಅಂದರೆ ನಾಲ್ಕೈದು ದಿನಕ್ಕೆ 19 ಕೆಜಿಯ ಒಂದು ಕಮರ್ಷಿಯಲ್ ಸಿಲಿಂಡರ್. ಚಿಕ್ಕ ದರ್ಶಿನಿಗೆ ಇದನ್ನು ಮಾರಲು ಬರುವ ಏಜೆಂಟರನ್ನು ಮಾತ್ರ ನಂಬಬೇಡಿ. ದಿನಾ ನೋಡಿಕೊಳ್ಳುವ ಮನುಷ್ಯನಿಲ್ಲದೆ ಎಷ್ಟೋ ಘಟಕಗಳು ತುಕ್ಕು ಹಿಡಿದು ನಿಂತಿವೆ.

ಕರೆಂಟು: ಬಿಲ್ ಕೆಳಗೆ, ಚಾವಣಿ ಮೇಲೆ

2023ರ ಆಗಸ್ಟ್‌ನಿಂದ ಗೃಹಜ್ಯೋತಿ ಇದೆ. ಹೆಚ್ಚಿನ ಮನೆಗಳ ಬಿಲ್ಲು ಸೊನ್ನೆ. ಹಾಗಾಗಿ ಮೇಲಿನ ಮನೆಯ ಮಾಲೀಕರಿಗೆ ಸೋಲಾರ್ ಹಾಕಿಸುವ ಉಮೇದು ಇಲ್ಲ, ಆದರೆ ಚಾವಣಿ ಅವರದು. ಕೆಳಗಿನ ಬೇಕರಿಯವರು ಕಮರ್ಷಿಯಲ್ ದರ ಕಟ್ಟುತ್ತಾ ಒದ್ದಾಡುತ್ತಾರೆ, ಅವರಿಗೆ ಚಾವಣಿ ಇಲ್ಲ. ಬಡಾವಣೆ ಸಂಘದವರು ಇಬ್ಬರನ್ನೂ ಒಂದು ಟೇಬಲ್ಲಿಗೆ ಕೂರಿಸಬಹುದು. ಬಾಡಿಗೆ ಕರಾರು ಹನ್ನೊಂದು ತಿಂಗಳದ್ದಾದರೆ ಯಾರೂ ಪ್ಯಾನೆಲ್‌ಗೆ ದುಡ್ಡು ಹಾಕಲ್ಲ. ಐದಾರು ವರ್ಷದ ಕರಾರು, ಚಾವಣಿಗೆ ಚಿಕ್ಕ ಬಾಡಿಗೆ, ಅಂಗಡಿ ಬಿಟ್ಟರೆ ಪ್ಯಾನೆಲ್ ಯಾರದ್ದು ಅನ್ನುವ ಒಂದು ಸಾಲು, ಇಷ್ಟನ್ನು ಕಾಗದದಲ್ಲಿ ಬರೆಸಿ. ಒಂದು ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು, ದಿನಕ್ಕೆ ಸರಾಸರಿ 4 ಯುನಿಟ್ ಬರುತ್ತದೆ.

ಅಪಾರ್ಟ್‌ಮೆಂಟಿನವರಿಗೆ ಇನ್ನೊಂದು ದಾರಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ನಿವಾಸಿಗಳ ಸಂಘಕ್ಕೂ ಸಬ್ಸಿಡಿ ಇದೆ, ಲಿಫ್ಟು, ಪಂಪು, ಕಾರಿಡಾರ್ ದೀಪದಂಥ ಸಾಮಾನ್ಯ ಬಳಕೆಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ. ಅಂಗಡಿಗಳಿಗೆ ಆ ಸಬ್ಸಿಡಿ ಸಿಗಲ್ಲ. ಸಿಗುತ್ತದೆ ಅಂತ ಹೇಳುವವರು ಬಂದರೆ ಕಾಫಿ ಕೊಟ್ಟು ಕಳಿಸಿ.

ಸೋಲಾರ್‌ಗೆ ಮುಂಚೆ ಫ್ಯಾನ್ ನೋಡಿ. ಹಳೇ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಕಡಿಮೆ ಕರೆಂಟಿನಲ್ಲಿ ತಿರುಗುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ಹೋಟೆಲಿನಲ್ಲಿ ಹತ್ತು ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 160 ಯುನಿಟ್ ಉಳಿಯಿತು. ಮನೆಗಳೂ ಅಂಗಡಿಗಳೂ ಸೇರಿ ಒಟ್ಟಿಗೆ ನೂರು ಫ್ಯಾನ್ ತೆಗೆದುಕೊಳ್ಳುತ್ತೇವೆ ಅಂದರೆ ಬೀದಿಯ ಎಲೆಕ್ಟ್ರಿಕಲ್ ಅಂಗಡಿಯವರೇ ದರ ಇಳಿಸುತ್ತಾರೆ. ಆನ್‌ಲೈನ್‌ನಲ್ಲಿ ತರಿಸಬೇಡಿ, ಅವರಿಗೂ ವ್ಯಾಪಾರ ಆಗಲಿ.

ಇನ್ನೊಂದು ಸಂಗತಿ, ಯಾರೂ ಮಾತಾಡಲ್ಲ: ಫ್ರಿಜ್ಜು, ಎಸಿ ಒಳಗಿನ ಗ್ಯಾಸ್. ಬೇಕರಿಯ ಹಳೇ ಕೂಲರ್‌ನಲ್ಲಿ ಇರುವ ಆರ್-134ಎ ಅನ್ನುವ ಗ್ಯಾಸ್ ಒಂದು ಕೆಜಿ ಗಾಳಿಗೆ ಹೋದರೆ 1,300 ಕೆಜಿ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ರಿಪೇರಿಗೆ ಬಂದವರು ಪೈಪ್ ಬಿಚ್ಚಿ ಉಸ್ಸ್ ಅಂತ ಬಿಟ್ಟುಬಿಡುತ್ತಾರೆ. ಹಳೇ ಗ್ಯಾಸನ್ನು ಮಷಿನ್‌ನಿಂದ ಎಳೆದು ಸಿಲಿಂಡರ್‌ಗೆ ತುಂಬಿಕೊಳ್ಳುವ ಮೆಕ್ಯಾನಿಕ್ ನಿಮ್ಮ ಕಡೆ ಇದ್ದರೆ ಅವರ ನಂಬರನ್ನು ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿ, ಎಲ್ಲ ಅಂಗಡಿ, ಮನೆಗಳ ಸರ್ವಿಸ್ ಅವರಿಗೇ ಹೋಗಲಿ. ಆ ಮಷಿನ್ ಇಲ್ಲದವರಿಗೆ, ತಂದರೆ ವರ್ಷಕ್ಕೆ ಇಷ್ಟು ಕೆಲಸ ಗ್ಯಾರಂಟಿ ಅಂತ ಹೇಳಿ.

ತಟ್ಟೆ, ನೀರು, ಉಳಿದದ್ದು

ಸ್ಟೀಲ್ ಡಬ್ಬ ತಂದವರಿಗೆ ಪಾರ್ಸೆಲ್ ಚಾರ್ಜ್ ಬೇಡ ಅಂತ ಹೋಟೆಲಿನವರು ಒಂದು ಬೋರ್ಡ್ ಹಾಕಲಿ. ಬೀದಿ ಊಟ, ಗಣೇಶನ ಪ್ರಸಾದಕ್ಕೆ ತಟ್ಟೆ ಬೇಕಾದರೆ, ಸ್ಟೀಲ್ ತಟ್ಟೆ ಲೋಟ ಎರವಲು ಕೊಡುವ, ಅದಮ್ಯ ಚೇತನ ಸಂಸ್ಥೆ ನಡೆಸುವ ಪ್ಲೇಟ್ ಬ್ಯಾಂಕ್ ಬೆಂಗಳೂರಿನಲ್ಲಿ ಇದೆ. ನಿಮ್ಮದೇ ಮಾಡಿಕೊಳ್ಳುವುದಾದರೆ ತಟ್ಟೆ ಕೊಳ್ಳುವುದು ಸುಲಭ, ತೊಳೆಯುವುದೇ ಕಷ್ಟ. ಶಾಮಿಯಾನದವರ ಹತ್ತಿರ ಇಡಿ, ತೊಳೆಯುವ ಕೂಲಿ ಸೇರಿಸಿ ಅವರೇ ಬಾಡಿಗೆ ನಿಗದಿ ಮಾಡಲಿ. ಉಚಿತ ಅಂತ ಇಟ್ಟರೆ ಎರಡನೇ ಮದುವೆಗೆ ಲೋಟ ಅರ್ಧ ಇರಲ್ಲ.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಜಲಮಂಡಳಿ ಹೋಟೆಲು, ಮಾಲು, ಅಪಾರ್ಟ್‌ಮೆಂಟುಗಳ ನಲ್ಲಿಗೆ ಏರೇಟರ್ (ಗಾಳಿ ಬೆರೆಸಿ ನೀರಿನ ಹರಿವು ತಗ್ಗಿಸುವ ಮೂತಿ) ಕಡ್ಡಾಯ ಮಾಡಿತು. ಅದು ಇನ್ನೂ ಇದೆಯಾ, ಬಿಚ್ಚಿಟ್ಟಿದ್ದಾರಾ ನೋಡಿ. ಅಂಗಡಿ ಸಾಲಿನ ಚಾವಣಿ ನೀರು ಚರಂಡಿಗೆ ಹೋಗುತ್ತಿದ್ದರೆ ಪಾರ್ಕಿನಲ್ಲಿ ಮಳೆನೀರನ್ನು ನೆಲಕ್ಕೆ ಇಳಿಸುವ ಒಂದು ಇಂಗುಬಾವಿ ತೋಡಿಸಿ. ಇಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 970 ಮಿಲಿಮೀಟರ್ ಮಳೆ. 1,000 ಚದರ ಅಡಿ ಚಾವಣಿಯಿಂದ 75,000 ಲೀಟರ್ ಹತ್ತಿರ ಸಿಗುತ್ತದೆ. ಬಾವಿ ತೋಡುವುದು ಮಣ್ಣು ಒಡ್ಡ ಸಮುದಾಯದವರ ತಲೆತಲಾಂತರದ ಕಸುಬು. ಬಯೋಮ್ ಟ್ರಸ್ಟ್‌ನವರ ಇಂಗುಬಾವಿ ಅಭಿಯಾನ ಅವರ ಜೊತೆಗೇ ನಡೆಯುತ್ತಿದೆ. ಅವರೂ ಸ್ಥಳೀಯ ವ್ಯಾಪಾರಿಗಳೇ ಅಲ್ವಾ, ಕಂಟ್ರಾಕ್ಟರ್ ಮೂಲಕ ಹೋಗದೆ ನೇರವಾಗಿ ಕೆಲಸ ಕೊಡಿ.

ಲೆಕ್ಕ ಇಡುವುದು

ಪ್ರತಿ ತಿಂಗಳು ಒಂದು ಹಾಳೆ, ಹೋಟೆಲಿನ ಕೈತೊಳೆಯುವ ಜಾಗದ ಮೇಲೆ ಅಂಟಿಸಿ. ಎಷ್ಟು ಕೆಜಿ ಕಸ ಗೂಡಿಗೆ ಬಂತು, ಎಷ್ಟು ಯುನಿಟ್ ಉಳಿಯಿತು, ಎಷ್ಟು ಸಿಲಿಂಡರ್ ಕಡಿಮೆಯಾಯಿತು. ಕಾರ್ಬನ್ ಲೆಕ್ಕ ಬೇಕೇ ಬೇಕು ಅನ್ನುವವರಿಗೆ: ಒಂದು ಯುನಿಟ್ ಕರೆಂಟ್‌ಗೆ ಸುಮಾರು 0.7 ಕೆಜಿ, 19 ಕೆಜಿ ಸಿಲಿಂಡರ್ ಒಂದಕ್ಕೆ ಸುಮಾರು 57 ಕೆಜಿ ಕಾರ್ಬನ್ ಡೈಆಕ್ಸೈಡ್. ಈ ಲೆಕ್ಕ ನೋಡಿ ಯಾರಾದರೂ ‘ಕಾರ್ಬನ್ ಮುಕ್ತ ಹೋಟೆಲ್’ ಅಂತ ಬೋರ್ಡ್ ಬರೆಸಲು ಹೊರಟರೆ ನಯವಾಗಿ ತಡೆಯಿರಿ. ಒಂದು ಗೂಡು, ಹತ್ತು ಫ್ಯಾನಿನಿಂದ ಯಾರೂ ಮುಕ್ತರಾಗಲ್ಲ, ಗಿರಾಕಿಗಳಿಗೂ ಅದು ಗೊತ್ತು.

ಅಂಗಡಿಯವರಿಂದ ನಗದು ದೇಣಿಗೆ ತೆಗೆದುಕೊಳ್ಳಬೇಡಿ. ಗಣೇಶ, ರಾಜ್ಯೋತ್ಸವ, ಚುನಾವಣೆ ಅಂತ ಅವರು ವರ್ಷವಿಡೀ ಕೊಡುತ್ತಲೇ ಇರುತ್ತಾರೆ, ನಿಮ್ಮನ್ನೂ ಅದೇ ಪಟ್ಟಿಗೆ ಸೇರಿಸಿಬಿಡುತ್ತಾರೆ. ಜಾಲರಿ ಹಾರ್ಡ್‌ವೇರ್ ಅಂಗಡಿಯಿಂದ, ಗೋಣಿಚೀಲ ದಿನಸಿ ಅಂಗಡಿಯಿಂದ ಬರಲಿ. ಗೂಡು ಕೆದಕುವವರ ಕೂಲಿಯನ್ನು ಮಾತ್ರ ಮನೆಗಳವರು ಹಂಚಿಕೊಂಡು ಕೊಡಿ. ಸ್ವಯಂಸೇವಕರ ಮೇಲೆ ನಡೆಯುವ ಗೂಡು ಪರೀಕ್ಷೆ ತಿಂಗಳಲ್ಲಿ ನಿಲ್ಲುತ್ತದೆ.

ಯಾವಾಗ ಶುರು ಮಾಡುವುದು ಅಂದರೆ, ನವೆಂಬರ್‌ನಲ್ಲಿ ಅನುಮತಿಗೆ ಅರ್ಜಿ ಕೊಡಿ, ಡಿಸೆಂಬರ್‌ನಲ್ಲಿ ತೂಕ ಮಾಡಿ ಗೂಡು ಕಟ್ಟಿ. ಎಲೆ ಉದುರುವ ಹೊತ್ತಿಗೆ ಎಲ್ಲ ತಯಾರಿರಬೇಕು.