ಎಣ್ಣೆ ಟ್ಯಾಂಕಿನ ಕೋಣೆಗೆ ಅಕ್ಕಿ ಮೂಟೆ ಇಳಿಸುವ ಮೊದಲು

ಜರ್ಮನಿಯಲ್ಲಿರುವ ನಮ್ಮ ಹುಡುಗರು ಈಗ ಅರವತ್ತು, ಎಪ್ಪತ್ತರ ದಶಕದ ಮನೆಗಳನ್ನು ಕೊಳ್ಳುತ್ತಿದ್ದಾರೆ. ಮನೆ ಬೆಚ್ಚಗಿಡಲು ಎಣ್ಣೆ ಉರಿಸುವ ಬಾಯ್ಲರ್ ತೆಗೆಸಿ, ಕರೆಂಟಿನಲ್ಲಿ ನಡೆಯುವ ಹೀಟ್ ಪಂಪ್ ಹಾಕಿಸುತ್ತಾರೆ. ಒಳ್ಳೆಯದೇ. ಆದರೆ ಕೆಲ್ಲರ್‌ನಲ್ಲಿ, ಅಂದರೆ ನೆಲಮಾಳಿಗೆಯಲ್ಲಿ, ಆ ಎಣ್ಣೆಯ ಟ್ಯಾಂಕ್ ಇದ್ದ ಕೋಣೆ ಖಾಲಿಯಾದ ಮರುದಿನವೇ ಬಿಳಿ ಬಣ್ಣ ಬಳಿದು, ಸೋನಾ ಮಸೂರಿ ಮೂಟೆ, ರಾಗಿ ಹಿಟ್ಟು ಎಲ್ಲ ಇಳಿಸಿಬಿಡುತ್ತಾರೆ. ಆಮೇಲೆ "ಆಂಟಿ, ಅನ್ನ ಯಾಕೋ ವಾಸನೆ ಬರ್ತಿದೆ" ಅಂತ ಫೋನು. ಬರದೆ ಇನ್ನೇನು!

ಟ್ಯಾಂಕ್ 1,000 ಲೀಟರ್‌ಗಿಂತ ದೊಡ್ಡದಾದರೆ ಅನುಮತಿ ಇರುವ ಕಂಪನಿಯವರೇ ತೆಗೆಯಬೇಕು, ಕಾನೂನೇ ಹಾಗಿದೆ. ಅವರು ಹೊರಡುವ ಮೊದಲು ಹೊರಗೋಡೆಯ ಎಣ್ಣೆ ತುಂಬುವ ಪೈಪನ್ನೂ ಕೀಳಿಸಿ. ಎಷ್ಟು ಜನ ಇದನ್ನು ಮರೆಯುತ್ತಾರೋ! ಲಾರಿಯವನು ಮನೆ ತಪ್ಪಿ ಬಂದು ಟ್ಯಾಂಕಿಲ್ಲದ ಕೋಣೆಗೆ ಎಣ್ಣೆ ಸುರಿದದ್ದು ಈ ದೇಶದಲ್ಲಿ ನಡೆದಿದೆ.

ಈಗ ವಾಸನೆ ವಿಷಯ. ನಮ್ಮಮ್ಮ ಸೀಮೆಎಣ್ಣೆ ಡಬ್ಬವನ್ನು ಹಿತ್ತಿಲಿನಲ್ಲೇ ಇಡುತ್ತಿದ್ದರು, ಅಡುಗೆಮನೆ ಹೊಸ್ತಿಲು ದಾಟಿಸುತ್ತಿರಲಿಲ್ಲ. "ಮೊದಲು ಕೆಡೋದು ಬೆಣ್ಣೆ" ಅನ್ನುತ್ತಿದ್ದರು. ಜಿಡ್ಡು ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಅದಕ್ಕೇ ನಾನು ಬೆಣ್ಣೆಯಿಂದಲೇ ಪರೀಕ್ಷೆ ಮಾಡುತ್ತೇನೆ.

ಉಪ್ಪು ಹಾಕದ ಬೆಣ್ಣೆ ಬೇಕು. ಮೆತ್ತಗಾದ ಮೇಲೆ ನಾಲ್ಕೈದು ಸಾಸರ್‌ಗಳಲ್ಲಿ ತೆಳ್ಳಗೆ ಹರಡಿ. ಮುದ್ದೆ ಮಾಡಿ ಇಟ್ಟರೆ ಪ್ರಯೋಜನವಿಲ್ಲ, ಗಾಳಿಗೆ ಮೈಯೊಡ್ಡಬೇಕು. ಮೂಲೆಗೊಂದರಂತೆ ನೆಲದ ಮೇಲೆ, ಗೋಡೆಗೆ ತಾಗುವಷ್ಟು ಹತ್ತಿರ ಇಡಿ. ಟ್ಯಾಂಕಿನ ಪೈಪು ಇದ್ದ ಕಡೆ ಇನ್ನೊಂದು. ತಳದಲ್ಲಿ ಯಾವ ಮೂಲೆ ಅಂತ ಚೀಟಿ ಅಂಟಿಸಿ. ಕಿಟಕಿ, ಬಾಗಿಲು ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅಲ್ಲೇ ನಿಂತು ಮೂಸಬೇಡಿ, ಆ ಕೋಣೆಯಲ್ಲಿ ಮೂಗು ಮಂಕಾಗುತ್ತದೆ. ಮುಚ್ಚಿ ಮೇಲೆ ತನ್ನಿ. ಕಾಫಿ ಹಾಕುವ ಮೊದಲೇ, ಒಗ್ಗರಣೆ ಗಿಗ್ಗರಣೆ ಏನೂ ಇಲ್ಲದಾಗ, ಫ್ರಿಜ್‌ನಲ್ಲಿದ್ದ ಅದೇ ಪ್ಯಾಕಿನ ಬೆಣ್ಣೆ ಪಕ್ಕ ಇಟ್ಟು ಒಂದೊಂದಾಗಿ ಮೂಸಿ. ಯಾವುದು ಹೆಚ್ಚು ಎಣ್ಣೆ ನಾರುತ್ತದೋ ಆ ಮೂಲೆಯ ಗಾರೆ ಎಣ್ಣೆ ಕುಡಿದಿರಬಹುದು. ಬೆಣ್ಣೆಯೆಲ್ಲ ಕಸಕ್ಕೆ. ಉಳಿಸಿ ತುಪ್ಪ ಕಾಯಿಸಲು ಹೋಗಬೇಡಿ.

ಆ ಗಾರೆಯನ್ನು ಇಟ್ಟಿಗೆ ಕಾಣುವವರೆಗೆ ಕೆತ್ತಿಸಿ, ಹೊಸದಾಗಿ ಸುಣ್ಣದ ಗಾರೆ ಮಾಡಿಸಿ. ಎಣ್ಣೆ ಸೋರಬಾರದೆಂದು ಬಳಿದಿರುವ ಹಳೇ ಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲ. ಆ ಬಣ್ಣವನ್ನು ನೀವೇ ಉಜ್ಜಿ ಧೂಳೆಬ್ಬಿಸಬೇಡಿ, ತಿಳಿದವರನ್ನು ಕರೆಸಿ. ಆಮೇಲೆ ಮತ್ತೆ ಬೆಣ್ಣೆ ಇಡಿ. ಯಾವ ಸಾಸರ್ರೂ ನಾರದಿದ್ದರೆ ಮಾತ್ರ ಅಕ್ಕಿ ಒಳಗೆ.

ಇನ್ನೊಂದು. ಬೇಸಿಗೆ ಮಧ್ಯಾಹ್ನ ಕೆಲ್ಲರ್ ಕಿಟಕಿ ತೆರೆಯಬೇಡಿ. ಹೊರಗಿನ ಬಿಸಿ ಗಾಳಿ ತಣ್ಣನೆ ಗೋಡೆಗೆ ತಾಗಿ ಬೆವರುತ್ತದೆ, ಬೂಸಲು ಹಿಡಿಯುವುದು ಹೀಗೇ. ನಸುಕಿನಲ್ಲಿ ತೆರೆದು ಬಿಸಿಲೇರುವ ಮೊದಲು ಮುಚ್ಚಿ. ಅಕ್ಕಿ ಮುಚ್ಚಳದ ಡ್ರಮ್ಮಿನಲ್ಲಿರಲಿ, ಡ್ರಮ್ಮು ಹಲಗೆ ಮೇಲಿರಲಿ, ಹಲಗೆಗೂ ಗೋಡೆಗೂ ಮಧ್ಯೆ ಕೈ ಆಡುವಷ್ಟು ಜಾಗ ಬಿಡಿ.