ಅಡಿಕೆ ಧಾರಣೆ ಸುದ್ದಿ ಬರೆಯುವವರಿಗೆ ಒಂದು ಸಲಹೆ
ಶಿವಮೊಗ್ಗ ಎಪಿಎಂಸಿಯ ಅಡಿಕೆ ಧಾರಣೆ ಬರೆಯುವಾಗ ತಲೆಬರಹಕ್ಕೆ ಗರಿಷ್ಠ ದರ ಬೇಡ, ಮಾದರಿ ದರ ಹಾಕಿ. ಪಕ್ಕದಲ್ಲೇ ಆವಕವನ್ನೂ, ಅಂದರೆ ಆ ದಿನ ಮಾರುಕಟ್ಟೆಗೆ ಎಷ್ಟು ಮಾಲು ಬಂತು ಅನ್ನುವುದನ್ನೂ ಕೊಡಿ. ಗರಿಷ್ಠ ದರ ಯಾವುದೋ ಒಂದೇ ಒಳ್ಳೆ ಲಾಟಿಗೆ ಸಿಕ್ಕಿದ್ದಿರಬಹುದು, ಅಲ್ವಾ? ಮಾದರಿ ದರ ಅಂದರೆ ಆ ದಿನ ಜಾಸ್ತಿ ಮಾಲು ಮಾರಾಟವಾದ ಬೆಲೆ. ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಮಾದರಿ ದರ, ಆವಕ ಎರಡೂ ಸಿಗುತ್ತವೆ. ರಾಶಿ, ಬೆಟ್ಟೆ, ದುಬಾರಿಯಾದ ಸರಕು, ಅಗ್ಗದ ಗೊರಬಲು ಇವೆಲ್ಲ ಅಡಿಕೆಯ ಬೇರೆ ಬೇರೆ ಬಗೆಗಳು, ಇವುಗಳ ದರವನ್ನು ಮಾತ್ರ ಬೆರೆಸಬೇಡಿ. ಸರಕಿನ ದರ ಹಿಡಿದು ‘ಅಡಿಕೆಗೆ ಬಂಪರ್ ಬೆಲೆ’ ಅಂತ ಬರೆದರೆ ಗೊರಬಲು ಮಾರಿ ಬಂದ ರೈತ ಸುಮ್ನೆ ನಗುತ್ತಾನೆ. ಆವಕ ತೀರಾ ಕಡಿಮೆ ಇರುವ ದಿನ ಈ ಉಪಾಯ ನಡೆಯುವುದಿಲ್ಲ. ನಾಲ್ಕಾರು ಚೀಲದ ಮೇಲೆ ಬಂದ ಮಾದರಿ ದರಕ್ಕೆ ಏನು ಅರ್ಥ? ಆಗ ಹಿಂದಿನ ವಾರದ ದರವನ್ನೂ ಜೊತೆಗಿಡಿ, ಮಂಡಿಯವರನ್ನು ಒಮ್ಮೆ ಕೇಳಿಕೊಳ್ಳಿ.