ಸತ್ತಿದೆ ಎಂದ ಎಎಂ3358 ಬೋರ್ಡು: ಸ್ಕೋಪಿನಲ್ಲಿ ಒಂದು 'ಸಿ' ಅಳೆದು ಎಬ್ಬಿಸಿದ್ದು

ಎಎಂ3358 ಅಂದರೆ ಲಿನಕ್ಸ್ ಓಡಿಸುವ ಒಂದು ಪ್ರೊಸೆಸರ್ ಚಿಪ್ಪು. ಅದಿರುವ ಬೋರ್ಡಿನ ಸೀರಿಯಲ್ ಕನ್ಸೋಲಿನಲ್ಲಿ ಬರೀ ಕಸ, ಯುಎಸ್‌ಬಿ ಎನ್ಯುಮರೇಟ್ ಆಗಲ್ಲ (ಜೋಡಿಸಿದರೂ ಗುರುತು ಸಿಗಲ್ಲ), ಆದರೆ ಎಸ್‌ಡಿ ಕಾರ್ಡಿನ ಲೈನುಗಳಲ್ಲಿ ಓಡಾಟ ಇದೆ. ಇಂಥ ಬೋರ್ಡುಗಳು 40ರ ಹತ್ತಿರ ಮೂಲೆ ಸೇರಿದ್ದವು. ಡಿಡಿಆರ್ (ಮೆಮೊರಿ) ರೂಟಿಂಗ್ ಕೆಟ್ಟಿದೆ, ಇಲ್ಲವೇ ಚಿಪ್ಪೇ ಹೋಗಿದೆ ಅನ್ನೋದು ಎಲ್ಲರ ತೀರ್ಪು. ಬಿಜಿಎ (ಅಡಿಯಲ್ಲಿ ಬೆಸುಗೆ ಗುಂಡುಗಳಿರುವ ಆ ಚಿಪ್ಪು) ಕಿತ್ತು ಹೊಸದು ಕೂರಿಸೋಕೆ ಒಂದಕ್ಕೆ 4,000 ರೂಪಾಯಿ ಮೇಲೆ. ಕೆಲವಕ್ಕೆ ಹಾಗೆ ಮಾಡಿಸಿ ದುಡ್ಡೂ ಹೋಯಿತು, ಹೊಸ ಚಿಪ್ಪೂ ಅದೇ ರಾಗ ಹಾಡಿತು. ಕ್ಲಾಕ್ ಸ್ಟ್ರ್ಯಾಪ್ (ಯಾವ ಕ್ರಿಸ್ಟಲ್ ಇದೆ ಅಂತ ಚಿಪ್ಪು ಪವರ್ ಬಂದಾಗ ಓದಿಕೊಳ್ಳುವ ಪಿನ್ನುಗಳ ಮಟ್ಟ) ನೋಡೋಣ ಅಂದರೆ ನಕ್ಕರು, ಕ್ರಿಸ್ಟಲ್ 24 ಮೆಗಾಹರ್ಟ್ಸ್ ಸರಿಯಾಗಿಯೇ ಆಡುತ್ತಿದೆಯಲ್ಲ ಅಂತ.

ನಾನು ಮಾಡಿದ್ದು ಇಷ್ಟು. ಎಸ್‌ಡಿ ಕಾರ್ಡ್ ತೆಗೆದೆ, ಇಎಂಎಂಸಿ (ಬೋರ್ಡಿನ ಮೇಲಿನ ಸ್ಟೋರೇಜ್ ಚಿಪ್ಪು) ಖಾಲಿ ಇತ್ತು, ಬೂಟ್ ಆಗೋಕೆ ಅಲ್ಲಿ ಏನೂ ಇಲ್ಲ. ಬೂಟ್ ಸರದಿಯಲ್ಲಿ ಯುಆರ್ಟ್0 (ಸೀರಿಯಲ್ ಪೋರ್ಟ್) ಇದ್ದರೆ ಬೂಟ್‌ರೋಮ್ (ಚಿಪ್ಪಿನೊಳಗೇ ಇರುವ ಮೊದಲ ಪ್ರೋಗ್ರಾಂ) ಎಕ್ಸ್‌ಮೋಡೆಮ್‌ನಲ್ಲಿ ಫೈಲ್ ಬರಲಿ ಅಂತ ಕಾಯುತ್ತಾ 'ಸಿ' ಅಕ್ಷರ ಉಗುಳುತ್ತಿರುತ್ತೆ. ಟರ್ಮಿನಲ್ ಬಿಟ್ಟು ಟಿಎಕ್ಸ್ (ಕಳಿಸುವ) ಪಿನ್ನಿಗೆ ಸ್ಕೋಪಿನ ಪ್ರೋಬ್ ಹಾಕಿ. 'ಸಿ'ಯ ನಡುವೆ ಸಾಲಾಗಿ 4 ಸೊನ್ನೆ ಬಿಟ್ ಬರುತ್ತವೆ. ಆ ಲೋ ಎಷ್ಟು ಅಗಲ ಅಂತ ಅಳೆಯಬೇಕು. 115200 ಬಾಡ್‌ಗೆ (ಸೆಕೆಂಡಿಗೆ ಅಷ್ಟು ಬಿಟ್) 34.7 ಮೈಕ್ರೋಸೆಕೆಂಡ್ ಬರಬೇಕಿತ್ತು, ಬಂದದ್ದು 37.6ರ ಆಸುಪಾಸು. ಭಾಗಿಸಿದರೆ 1.083, ಅಂದರೆ 26/24. ಕ್ರಿಸ್ಟಲ್ 24, ಚಿಪ್ಪು ಮಾತ್ರ 26 ಅಂತ ನಂಬಿ ಕೂತಿದೆ! ಸ್ಟ್ರ್ಯಾಪ್ 25 ಆಗಿದ್ದರೆ 36.2, 19.2 ಆಗಿದ್ದರೆ 27.8 ಸಿಗುತ್ತಿತ್ತು.

ನಂಬದವರಿಗಾಗಿ ಕಾರ್ಡ್ ಮತ್ತೆ ಹಾಕಿ, ಹೋಸ್ಟ್ ಕಡೆ ಬಾಡ್ ರೇಟ್ 106300ಕ್ಕೆ ಇಟ್ಟೆ. ಯು-ಬೂಟ್‌ನಿಂದ (ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಂ) ಲಾಗಿನ್‌ವರೆಗೆ ಲಾಗ್ ಸ್ವಚ್ಛವಾಗಿ ಸುರಿಯಿತು. ಸತ್ತ ಬೋರ್ಡು ಲಿನಕ್ಸ್ ಓಡಿಸುತ್ತಿತ್ತು, ಅಷ್ಟೇ! ಡಿಡಿಆರ್ 400 ಮೆಗಾಹರ್ಟ್ಸ್ ಬದಲು 369ರಲ್ಲಿ ನಡೆಯುತ್ತಿತ್ತು, ಅದಕ್ಕೆ ಅದು ತಕರಾರು ಮಾಡಲ್ಲ. ಯುಎಸ್‌ಬಿ ಮಾಡುತ್ತೆ. ಸ್ಕೋಪ್ ಇಲ್ಲದವರು ಬೋರ್ಡಿನ 1 ನಿಮಿಷವನ್ನು ಫೋನಿನ ಸ್ಟಾಪ್‌ವಾಚ್ ಜೊತೆ ಹೋಲಿಸಿ, 65 ಸೆಕೆಂಡ್ ತೆಗೆದುಕೊಂಡರೆ ಇದೇ ಕಾಯಿಲೆ. ಓದಿದ ಸ್ಟ್ರ್ಯಾಪನ್ನು ಚಿಪ್ಪು ಬರೆದಿಡುವ ಕಂಟ್ರೋಲ್ ಸ್ಟೇಟಸ್ ರಿಜಿಸ್ಟರಿನ 23, 22ನೇ ಬಿಟ್ ಓದಿದರೂ ಆದೀತು: 01 ಇರಬೇಕು, 11 ಇತ್ತು.

ಕಾರಣ ಎಲ್‌ಸಿಡಿ ಅಡಾಪ್ಟರ್ ಕಾರ್ಡ್. ಸಿಸ್‌ಬೂಟ್ 15, 14 (ಆ ಕ್ಲಾಕ್ ಸ್ಟ್ರ್ಯಾಪಿನ ಪಿನ್ನುಗಳು) ಬರೋದು ಎಲ್‌ಸಿಡಿ ಡೇಟಾ ಲೈನುಗಳ ಮೇಲೆಯೇ. ನಮ್ಮ ಕಡೆ 15ಕ್ಕೆ 100ಕೆ (ಕಿಲೋಓಮ್) ಪುಲ್‌ಡೌನ್, ಅಂದರೆ ಲೈನನ್ನು ಗ್ರೌಂಡಿಗೆ ಎಳೆಯುವ ರೆಸಿಸ್ಟರ್. ಅಡಾಪ್ಟರಿನಲ್ಲಿ ಯಾವ ಪುಣ್ಯಾತ್ಮನೋ ಅದೇ ಲೈನಿಗೆ 3.3 ವೋಲ್ಟಿಗೆ 47ಕೆ ಪುಲ್‌ಅಪ್ ಹಾಕಿದ್ದ. ಲೆಕ್ಕ ಹಾಕಿದರೆ ಪಿನ್ನಿನಲ್ಲಿ 2.24 ವೋಲ್ಟ್, ಚಿಪ್ಪಿಗೆ ಅದು 1. ಪುಲ್‌ಡೌನ್ 10ಕೆ ಮಾಡಿದ್ದೇ 0.58ಕ್ಕೆ ಇಳಿಯಿತು. ರೆಸಿಸ್ಟರಿಗೆ ಪೈಸೆ ಲೆಕ್ಕ, ಕೂಲಿ ಸೇರಿ ಬೋರ್ಡಿಗೆ 30-35 ರೂಪಾಯಿ. ನಡುವೆ ಬಫರ್ (ಎರಡು ಕಡೆಯ ಲೈನನ್ನು ಬೇರೆ ಇಡುವ ಚಿಪ್ಪು) ಹಾಕಿ, ರೀಸೆಟ್ ಬಿಟ್ಟ ಮೇಲೆ ತೆರೆಯೋದು ಶಾಸ್ತ್ರಬದ್ಧ ದಾರಿ. ನನಗೆ ಅದರ ಅಗತ್ಯ ಕಾಣಲಿಲ್ಲ.

ವೋಲ್ಟೇಜ್ ಅಳೆಯೋದು ಪವರ್-ಆನ್ ರೀಸೆಟ್ ಲೈನನ್ನು ಗ್ರೌಂಡಿಗೆ ಹಿಡಿದಿಟ್ಟಾಗ ಮಾತ್ರ. ಬೋರ್ಡ್ ಓಡುವಾಗ ಅಳೆದ ಅಂಕಿಗೆ ಅರ್ಥವಿಲ್ಲ. ವಾರ್ಮ್ ರೀಸೆಟ್ ಬಟನ್ ಒತ್ತಿದರೆ ಸ್ಟ್ರ್ಯಾಪ್ ಮತ್ತೆ ಓದಲ್ಲ, ಪವರ್ ಕಿತ್ತೇ ನೋಡಬೇಕು. ಬೆಸುಗೆ ಮುಟ್ಟದೆ ಒಂದು ಸ್ಟ್ರ್ಯಾಪನ್ನು ತಾತ್ಕಾಲಿಕವಾಗಿ ಎಳೆಯುವ ಒಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯಲ್ಲ, ಹೊಟ್ಟೆಪಾಡಿನ ಮಾತು.

ಇದರ ನಡುವೆ ಕ್ರಿಸ್ಟಲ್ ಜೊತೆಗೂ ಆಟ ಆಡಿದೆ. 10 ಎಕ್ಸ್ ಪ್ರೋಬ್ ಕೂಡ 10-12 ಪಿಕೋಫ್ಯಾರಡ್ ಸೇರಿಸುತ್ತೆ, ಹಾಗಾಗಿ ಕ್ರಿಸ್ಟಲ್ ಕಾಲಿಗೆ ಪ್ರೋಬ್ ಇಡೋದನ್ನು ಬಿಟ್ಟೆ. ಸಿಸ್‌ಬೂಟ್ 5 ಹೈ ಮಾಡಿದರೆ ಕ್ಲಾಕ್‌ಔಟ್1 ಪಿನ್ನಿನಲ್ಲಿ ಆಸಿಲೇಟರ್ ನೇರವಾಗಿ ಹೊರಬರುತ್ತೆ, ಅಲ್ಲಿ ಅಳೆಯಿರಿ. ಕೆಲವು ಬೋರ್ಡಿನಲ್ಲಿ ಕ್ರಿಸ್ಟಲ್ ಕಾಲುಗಳ ಕೆಪಾಸಿಟರ್ 18 ಪಿಕೋಫ್ಯಾರಡ್ ಬದಲು 33 ಬಿದ್ದಿತ್ತು, ಕೂಲಿಂಗ್ ಸ್ಪ್ರೇ ಹೊಡೆದರೆ ಏಳುತ್ತಲೇ ಇರಲಿಲ್ಲ. ಆಸಿಲೇಟರಿಗೆ ಎಷ್ಟು ಮೀಸಲು ಬಲ ಇದೆ ಅಂತ ತಿಳಿಯೋಕೆ ಕ್ರಿಸ್ಟಲ್‌ಗೆ ಸರಣಿಯಲ್ಲಿ ರೆಸಿಸ್ಟರ್ ಇಟ್ಟು ನೋಡಿದೆ: 18 ಇದ್ದವು 220 ಓಮ್‌ನಲ್ಲೂ ಎದ್ದವು, 33 ಇದ್ದವು 100ಕ್ಕೇ ಮಲಗಿದವು. ಕ್ರಿಸ್ಟಲ್ಲಿನ ಇಎಸ್‌ಆರ್ (ಒಳಗಿನ ಪ್ರತಿರೋಧ) 40 ಓಮ್ ಚಿಲ್ಲರೆ, ಅದರ 5 ಪಟ್ಟು ದಾಟಿದರೆ ನನಗೆ ಸಾಕು. ಆ ಕೆಪಾಸಿಟರುಗಳ ಗ್ರೌಂಡ್ ಹೋಗಬೇಕಾದ್ದು ವಿಎಸ್‌ಎಸ್-ಆಸ್ಕ್ ಪಿನ್ನಿಗೆ (ಆಸಿಲೇಟರಿಗೆಂದೇ ಇರುವ ಗ್ರೌಂಡ್). ಕ್ರಿಸ್ಟಲ್ ಬಳಸುವಾಗ ಆ ಪಿನ್ನನ್ನು ಬೋರ್ಡಿನ ಗ್ರೌಂಡ್ ಪ್ಲೇನಿಗೆ ಸೇರಿಸುವ ಹಾಗಿಲ್ಲ, ಹೊರಗಿನ ಆಸಿಲೇಟರ್ ಹಾಕಿದಾಗ ಮಾತ್ರ ಸೇರಿಸಬೇಕು, ಆ ಆಸಿಲೇಟರೂ 1.8 ವೋಲ್ಟಿನದೇ ಆಗಿರಬೇಕು.